ಅಣಬೆ ಕೋಣೆಯ ಗಾಳಿ, ಮನೆಯವರ ಉಸಿರು



ಮೊದಲ ಗುಡುಗಿಗೆ ಹುತ್ತದ ಬದಿಯಲ್ಲಿ ಏಳುವ ಅಣಬೆಯನ್ನು ಹುಡುಕಿ ತರುತ್ತಿದ್ದ ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಈಗ ಚಿಪ್ಪಣಬೆ ಪ್ಲಾಸ್ಟಿಕ್ ಚೀಲದೊಳಗೆ ಬೆಳೆಯುತ್ತಿದೆ. ಒಂದಷ್ಟು ಬೈಹುಲ್ಲು, ಬೀಜದ ಪೊಟ್ಟಣ, ಚೀಲ ನೇತುಹಾಕಲು ಹಗ್ಗ ಇದ್ದರೆ ಸಾಕು. ಜಾಗ ಇಲ್ಲದವರಿಗೂ ಕೈಗೂಡುವ ಕೃಷಿ ಇದು. ಅಡಿಕೆಗೆ ಹಳದಿ ರೋಗ, ಕೊಳೆರೋಗ ಎಂದು ಕೈ ಬರಿದಾಗುವ ಕಾಲದಲ್ಲಿ ಮನೆಯ ಹೆಂಗಸರು ಎರಡು ಕಾಸು ಕಾಣುವ ದಾರಿಯೂ ಹೌದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಗರಿಯ ದಿಂಡು, ಗೊನೆಯ ಉಳಿಕೆ ಇವುಗಳಲ್ಲೂ ಚಿಪ್ಪಣಬೆ ಬೆಳೆಯಬಹುದೆಂದು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಈ ಬೆಳೆಯ ವಿರುದ್ಧ ನನ್ನ ಮಾತಿಲ್ಲ. ಅದನ್ನು ಬೆಳೆಸುವ ಕೋಣೆಯ ವಿಚಾರದಲ್ಲಿ ಮಾತ್ರ ತಕರಾರು ಇದೆ.

ಮನೆಮನೆ ಭೇಟಿಗೆ ಹೋದಾಗ ಮೆಟ್ಟಿಲಲ್ಲೇ ಗೊತ್ತಾಗುತ್ತದೆ, ಇಲ್ಲಿ ಅಣಬೆ ಉಂಟು ಎಂದು. ಹುಳಿ ಬಂದ ಹುಲ್ಲಿನ ವಾಸನೆ, ಅದರ ಮೇಲೆ ಅಗರಬತ್ತಿ, ಅದರ ಮೇಲೆ ಫಿನಾಯಿಲು. ಮಕ್ಕಳು ಮಲಗುವ ಕೋಣೆಯ ಮಗ್ಗುಲಲ್ಲೇ ಚೀಲಗಳು. ಕೆಲವೆಡೆ ಅದೇ ಕೋಣೆಯ ಅರ್ಧ ಭಾಗಕ್ಕೆ ಪ್ಲಾಸ್ಟಿಕ್ ಪರದೆ. ಕಿಟಕಿಗೆ ಗೋಣಿ ಬಡಿದು ಬಿಗಿ ಮಾಡಿರುತ್ತಾರೆ. ಕೇಳಿದರೆ, "ಕತ್ತಲೆಯಲ್ಲಿ ಮುಚ್ಚಿ ಇಡಬೇಕಂತೆ ಫಾದರ್, ತರಬೇತಿಯಲ್ಲಿ ಹೇಳಿದ್ದಾರೆ" ಎನ್ನುತ್ತಾರೆ.

ತರಬೇತಿಯವರು ಹೇಳಿದ್ದು ಸರಿಯೇ, ಆದರೆ ಅದು ಅರ್ಧ ಮಾತು. ಬೀಜ ಹಾಕಿದ ಮೇಲೆ ಬಿಳಿ ಬಲೆಯಂಥ ಎಳೆಗಳು ಹುಲ್ಲನ್ನೆಲ್ಲ ಹಬ್ಬುವ ಮೊದಲ ಹದಿನೈದು ಇಪ್ಪತ್ತು ದಿನ ಕತ್ತಲೆ, ಮುಚ್ಚಟೆ ಎರಡೂ ಇರಲಿ. ಆ ಬಳಿಕ ಮೊಗ್ಗು ಏಳುವ ಹೊತ್ತಿಗೆ ಬೆಳೆಗೆ ಬೆಳಕು ಬೇಕು, ತೇವ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೊಸ ಗಾಳಿ ಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ಅಣಬೆಯೂ ಗಿಡದ ಹಾಗೆ, ಮನೆಯೊಳಗಿದ್ದರೆ ಗಾಳಿ ಶುದ್ಧವಾಗುತ್ತದೆ ಎಂದು ಹೇಳುವವರಿದ್ದಾರೆ. ಅಣಬೆಗೆ ಎಲೆ ಇಲ್ಲ, ಹಸುರು ಇಲ್ಲ. ಅದು ಉಸಿರಾಡುವುದು ನಮ್ಮ ಹಾಗೆಯೇ: ಆಮ್ಲಜನಕವನ್ನು ಎಳೆದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಬಿಸಿಯನ್ನೂ ಹುಟ್ಟಿಸುತ್ತದೆ, ಎಳೆ ಹಬ್ಬುತ್ತಿರುವ ಚೀಲದೊಳಗೆ ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ನೂರು ಚೀಲ ತುಂಬಿದ ಕೋಣೆಯೆಂದರೆ ಹಗಲು ರಾತ್ರಿ ಉಸಿರಾಡುವ ದನಗಳು ತುಂಬಿದ ಹಟ್ಟಿ ಎಂದೇ ತಿಳಿಯಿರಿ. ಹಟ್ಟಿಯ ಗೋಡೆಗೆ ಕಿಂಡಿ ಬಿಡದೆ ನಮ್ಮ ಹಿರಿಯರು ಕಟ್ಟಿದ್ದುಂಟೇ?

ಹೊರಗಿನ ಬಯಲ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇರುತ್ತದೆ. ಚಿಪ್ಪಣಬೆ ಸರಿಯಾಗಿ ಅರಳಬೇಕಾದರೆ ಅದು 1,000ದ ಒಳಗಿರಬೇಕು. ಇಬ್ಬರು ಕಿಟಕಿ ಮುಚ್ಚಿ ಮಲಗಿದ ಕೋಣೆಯಲ್ಲಿಯೇ ಬೆಳಗಾಗುವಾಗ ಅಷ್ಟು ದಾಟಿರುತ್ತದೆ. ಇನ್ನು ಚೀಲಗಳೂ ಅಲ್ಲಿಯೇ ಇದ್ದರೆ ಹೇಳುವುದು ಬೇಡ. ಅಳೆಯುವ ಉಪಕರಣ ಇಲ್ಲವೆಂದು ಚಿಂತೆ ಬೇಡ, ಅಣಬೆಯೇ ಹೇಳುತ್ತದೆ. ಕಾಂಡ ಉದ್ದಕ್ಕೆ ಬೆಳೆದು, ತಲೆ ಗುಂಡಿಯಷ್ಟೇ ಉಳಿದರೆ ಗಾಳಿ ಸಾಲದೆಂದು ಅರ್ಥ. ಇಂಥ ಅಣಬೆಯನ್ನು ಪೇಟೆಯ ಅಂಗಡಿಯವರು ಬದಿಗೆ ಸರಿಸುತ್ತಾರೆ. ಬೀಜ ಸರಿಯಿಲ್ಲ ಎಂದು ಬೀಜ ಕೊಟ್ಟವರ ಮೇಲೆ ಹರಿಹಾಯುವ ಮೊದಲು ಒಂದು ವಾರ ಕಿಟಕಿ ತೆರೆದು ನೋಡಬಹುದು.

ನಮ್ಮ ಹಳೆಯ ಹಂಚಿನ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹರಡಿದ ಆ ಮಾಡು, ಹಂಚಿನ ಸಂದುಸಂದಿನಲ್ಲಿ ಬಿಸಿಗಾಳಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ. ಈಗಿನ ತಾರಸಿ ಮನೆ, ಜಾರುವ ಗಾಜಿನ ಕಿಟಕಿ ನೋಡಲು ಚಂದ, ಮುಚ್ಚಿದರೆ ಡಬ್ಬಿ. ಅಣಬೆಗೆ ಹಿತ್ತಿಲಿನ ಹಳೆಯ ಹಟ್ಟಿಯೋ ಸೌದೆಕೊಟ್ಟಿಗೆಯೋ ಇದ್ದರೆ ಅದೇ ಉತ್ತಮ. ಮನೆಯ ಒಳಗೆ, ಅದರಲ್ಲೂ ಮಲಗುವ ಕೋಣೆಗೆ ಬಾಗಿಲು ತೆರೆಯುವ ಕಡೆ, ಬೇಡವೇ ಬೇಡ. ಇದರಲ್ಲಿ ರಿಯಾಯಿತಿ ಕೊಡಲು ನಾನು ತಯಾರಿಲ್ಲ.

ಗಾಳಿಗೆ ದಾರಿ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಒಂದು ಗೋಡೆಯಲ್ಲಿ ನೆಲದಿಂದ ಒಂದಡಿ ಮೇಲೆ ಒಳಬರುವ ಕಿಂಡಿ, ಎದುರು ಗೋಡೆಯಲ್ಲಿ ಮಾಡಿನ ಹತ್ತಿರ ಹೊರಹೋಗುವ ಕಿಂಡಿ. ಎರಡೂ ಒಂದೇ ಗೋಡೆಯಲ್ಲಿದ್ದರೆ ಗಾಳಿ ಅಲ್ಲಲ್ಲೇ ತಿರುಗಿ ಹೋಗುತ್ತದೆ, ಮೂಲೆಯ ಚೀಲಗಳಿಗೆ ಮುಟ್ಟುವುದಿಲ್ಲ. ಎರಡಕ್ಕೂ ಸಣ್ಣ ಕಣ್ಣಿನ ನೈಲಾನ್ ಬಲೆ ಬೇಕು. ಅಣಬೆಯ ನೊಣ ಸೊಳ್ಳೆಗಿಂತ ಸಣ್ಣದು. ಫ್ಯಾನು ಹಾಕುವವರು ಲೆಕ್ಕ ಮಾಡಿ ಕೊಳ್ಳಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ 900 ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಅದು ಬದಲಾಗಲು 4,500 ಘನ ಅಡಿ, ಅಂದರೆ ಸುಮಾರು 127 ಘನ ಮೀಟರ್ ಗಾಳಿ ಸಾಗಬೇಕು. ಗಾಳಿ ಹೊರದೂಡುವ ಫ್ಯಾನಿನ ಪೆಟ್ಟಿಗೆಯ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಎಂದು ಬರೆದಿರುತ್ತದೆ. ಬಲೆ ಅಡ್ಡ ಬರುವುದರಿಂದ ಲೆಕ್ಕದ ಎರಡು ಪಟ್ಟು ಎಳೆಯುವುದನ್ನು ಆರಿಸಿಕೊಳ್ಳಿ. ಆರು ಇಂಚಿನ ಸಣ್ಣ ಫ್ಯಾನೇ ಸಾಮಾನ್ಯವಾಗಿ ಸಾಕಾಗುತ್ತದೆ. ಅದು ಗಾಳಿಯನ್ನು ದೂಡುವುದು ಬಯಲಿಗೆ. ಅಡುಗೆಕೋಣೆಗಲ್ಲ, ನೆರೆಮನೆಯ ಕಿಟಕಿಗೂ ಅಲ್ಲ.

ತೇವ ಹೋಗುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಬೆಳೆಗೆ ನೂರಕ್ಕೆ 80ರಿಂದ 90ರಷ್ಟು ಆರ್ದ್ರತೆ ಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಹೊರಗಿನ ಗಾಳಿಯೇ ಅಷ್ಟು ತೇವ ಹೊತ್ತು ಬರುತ್ತದೆ. ಆಗ ಮುಚ್ಚಿಡುವುದಕ್ಕೆ ಯಾವ ಕಾರಣವೂ ಇಲ್ಲ. ಮಾರ್ಚಿನಿಂದ ಮೇ ತನಕ ಕಷ್ಟ. ಆಗ ಮುಂಜಾನೆ ಮತ್ತು ಸಂಜೆ ಗಾಳಿಯಾಡಿಸಿ, ಒಳಬರುವ ಕಿಂಡಿಗೆ ಒದ್ದೆ ಗೋಣಿ ಇಳಿಬಿಡಿ, ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿ.

ಈಗ ಇನ್ನೊಂದು ಹೊಸ ಸಾಮಾನು ಬಂದಿದೆ. ಜಿಪ್ ಎಳೆದು ಮುಚ್ಚುವ ಪ್ಲಾಸ್ಟಿಕ್ ಗುಡಾರ, ಅದಕ್ಕೊಂದು ಫ್ಯಾನು, ವಾಸನೆ ಹೀರುವ ಇದ್ದಿಲಿನ ಡಬ್ಬಿ. ಮೊಬೈಲಿನಲ್ಲಿ ನೋಡಿ ಯುವಕರು ತರಿಸುತ್ತಾರೆ. ಆ ಇದ್ದಿಲು ಅನೇಕ ಸಲ ನಮ್ಮ ತೆಂಗಿನ ಗೆರಟೆಯದ್ದೇ. ಗೆರಟೆಯ ಇದ್ದಿಲನ್ನು ಕಾರ್ಖಾನೆಯಲ್ಲಿ ಹಬೆ ಹಾಯಿಸಿ ಬಹಳ ಬಿಸಿಯಲ್ಲಿ ಹದ ಮಾಡಿದಾಗ ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ತೂತುಗಳಾಗುತ್ತವೆ. ವಾಸನೆಯ ಕಣಗಳು ಅಲ್ಲಿ ಅಂಟಿಕೊಳ್ಳುತ್ತವೆ. (ಒಲೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಆ ಕೆಲಸ ನಡೆಯುವುದಿಲ್ಲ, ಸುಮ್ಮನೆ ಗೋಡೆ ಕಪ್ಪಾಗುತ್ತದೆ.) ಆದರೆ ಅಣಬೆ ಕೋಣೆಯಷ್ಟು ತೇವವಿದ್ದಲ್ಲಿ ಆ ತೂತುಗಳಿಗೆ ನೀರಿನ ಹಬೆಯೇ ಸೇರಿಕೊಂಡು ಇದ್ದಿಲಿನ ಶಕ್ತಿ ಕುಂದುತ್ತದೆ. ಇಂಗಾಲದ ಡೈ ಆಕ್ಸೈಡನ್ನು ಅದು ತಡೆಯುವುದೂ ಇಲ್ಲ. ಗುಡಾರದ ಗಾಳಿಯನ್ನು ಇದ್ದಿಲಿನಲ್ಲಿ ಹಾಯಿಸಿ ಅದೇ ಕೋಣೆಗೆ ಬಿಟ್ಟರೆ ಮೂಗಿಗೆ ಮಾತ್ರ ಸಮಾಧಾನ. ಗುಡಾರ ಕೊಂಡವರು ಅದರ ಕೊಳವೆಯನ್ನು ಕಿಟಕಿಯಿಂದ ಹೊರಗೆ ಹಾಕಲೇಬೇಕು.

ನಿಜ ಹೇಳುವುದಾದರೆ, ಚೆನ್ನಾಗಿ ಬೆಳೆಯುವ ಚಿಪ್ಪಣಬೆಗೆ ಕೆಟ್ಟ ವಾಸನೆಯೇ ಇಲ್ಲ. ಹುಳಿ ವಾಸನೆ ಬಂದರೆ ಹುಲ್ಲಿನಲ್ಲಿ ನೀರು ಹೆಚ್ಚಾಗಿದೆ. ಹಿಂಡಿದರೆ ನೀರು ತೊಟ್ಟಿಕ್ಕದೆ ಕೈಗೆ ಒದ್ದೆ ಹತ್ತುವಷ್ಟಿರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಚೀಲದ ಅಡಿಯಲ್ಲಿ ನೀರು ನಿಂತು ಗಾಳಿಯಿಲ್ಲದೆ ಕೊಳೆತಿದೆ. ಹಸಿರು ಬೂಷ್ಟು ಕಂಡರೆ ಆ ಚೀಲ ಆ ದಿನವೇ ಹೊರಗೆ ಹೋಗಲಿ. ವಾಸನೆಯನ್ನು ಅಗರಬತ್ತಿಯಿಂದ ಮುಚ್ಚಿದವನು ಹಾಳಾದ ಚೀಲವನ್ನು ಮೂರು ದಿನ ತಡವಾಗಿ ಕಾಣುತ್ತಾನೆ. ಅಷ್ಟರಲ್ಲಿ ಅದು ನೆರೆಯ ಹತ್ತು ಚೀಲಕ್ಕೆ ಹಬ್ಬಿರುತ್ತದೆ. ಅಗರಬತ್ತಿಯ ಹೊಗೆ ಎದೆಗೆ ಒಳ್ಳೆಯದೂ ಅಲ್ಲ.

ಮೂಗಿಗೆ, ಕಣ್ಣಿಗೆ ಖಾರ ಹೊಡೆಯುವ ವಾಸನೆ ಬೇರೊಂದಿದೆ. ಹಳೆಯ ಕೈಪಿಡಿಗಳಲ್ಲಿ ನೂರು ಲೀಟರ್ ನೀರಿಗೆ 125 ಮಿಲಿಲೀಟರ್ ಫಾರ್ಮಲಿನ್, ಏಳೂವರೆ ಗ್ರಾಂ ಕಾರ್ಬೆಂಡಜಿಮ್ ಹಾಕಿ ಹುಲ್ಲನ್ನು 18 ಗಂಟೆ ನೆನೆಸಲು ಹೇಳಿದ್ದಾರೆ. ಅಗ್ಗ, ಸೌದೆ ಬೇಡ, ಸುಲಭ. ಆದರೆ ಫಾರ್ಮಲಿನ್‌ನ ಹಬೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವಂಥದು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿದೆ. ಬಚ್ಚಲಲ್ಲಿ ಬಾಗಿಲು ಮುಚ್ಚಿ ಬರಿಗೈಯಲ್ಲಿ ಆ ಹುಲ್ಲು ಹಿಂಡುವ ತಾಯಂದಿರಿಗೆ ಇದನ್ನು ಯಾರೂ ಹೇಳುವುದಿಲ್ಲ. ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಭತ್ತ ಬೇಯಿಸುವ ಹಂಡೆಯಲ್ಲಿ 80 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಟ್ಟರೂ ಹುಲ್ಲು ಹದವಾಗುತ್ತದೆ. ಒಂದು ಹೊರೆ ಸೌದೆ ಹೆಚ್ಚು ಹೋದರೆ ಹೋಗಲಿ.

ಇಷ್ಟೆಲ್ಲ ಬರೆದದ್ದು ಮುಖ್ಯವಾಗಿ ಒಂದು ಕಾಯಿಲೆಯ ಸಲುವಾಗಿ. ಚಿಪ್ಪಣಬೆ ಬಲಿತಾಗ ಅದರ ಕೆಳಗಿನ ಪದರುಗಳಿಂದ ಕಣ್ಣಿಗೆ ಕಾಣದ ಬೀಜಕಣಗಳು ಕೋಟಿಗಟ್ಟಲೆ ಉದುರುತ್ತವೆ. ಬೆಳಿಗ್ಗೆ ಚೀಲದ ಮೇಲೆ, ನೆಲದ ಮೇಲೆ ಬಿಳಿ ಹುಡಿ ಕಂಡರೆ ಅದೇ. ಗಾಳಿಯಿಲ್ಲದ ಕೋಣೆಯಲ್ಲಿ ದಿನವೂ ಅದನ್ನು ಉಸಿರಾಡಿದವರಲ್ಲಿ ಕೆಲವರ ಶ್ವಾಸಕೋಶ ಅದಕ್ಕೆ ಸಿಟ್ಟಾಗುತ್ತದೆ. ಬೂಷ್ಟು ಹಿಡಿದ ಹುಲ್ಲಿನ ಧೂಳಿನಿಂದ ರೈತರಿಗೆ ಬರುವ ಇಂಥದೇ ಕಾಯಿಲೆಯನ್ನು 1932ರಲ್ಲಿ ಇಂಗ್ಲೆಂಡಿನಲ್ಲಿ ವರ್ಣಿಸಿದ್ದರು; 1959ರಲ್ಲಿ ಅಮೆರಿಕದ ಅಣಬೆ ಕೆಲಸಗಾರರಲ್ಲೂ ಗುರುತಿಸಿದರು. ಅದರ ಗುರುತು ವಿಚಿತ್ರ. ಕೋಣೆಯಲ್ಲಿದ್ದಾಗ ಏನೂ ಆಗುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಚಳಿಜ್ವರ, ಒಣಕೆಮ್ಮು, ಎದೆ ಬಿಗಿತ, ಮೈಕೈ ನೋವು. ಮರುದಿನ ಹೆಚ್ಚುಕಡಿಮೆ ಸರಿಯಾಗುತ್ತದೆ. ಮಳೆಯಲ್ಲಿ ನೆನೆದದ್ದು, ಶೀತ ಎಂದು ಬಿಟ್ಟುಬಿಡುತ್ತೇವೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಶ್ವಾಸಕೋಶದಲ್ಲಿ ಕಲೆ ಬೀಳುತ್ತದೆ. ಆ ಕಲೆ ಮತ್ತೆ ಮಾಸುವುದಿಲ್ಲ. ಮೆಟ್ಟಿಲು ಹತ್ತಲೂ ದಮ್ಮು.

ವೈದ್ಯರಿಗೂ ಇದು ಉಬ್ಬಸವೋ ಕ್ಷಯವೋ ಎಂಬ ಸಂಶಯ ಬರಬಹುದು. ಆದ್ದರಿಂದ ಕೆಮ್ಮು ಎಂದು ಹೋದವರು "ಮನೆಯಲ್ಲಿ ಅಣಬೆ ಬೆಳೆಸುತ್ತೇನೆ" ಎಂದು ಮೊದಲ ಮಾತಿಗೇ ಹೇಳಿ. ತವರುಮನೆಗೆ ಹೋಗಿ ನಾಲ್ಕು ದಿನ ಇದ್ದಾಗ ಕೆಮ್ಮು ಕಡಿಮೆಯಾಗಿ, ಬಂದ ಮೇಲೆ ಮತ್ತೆ ಹೆಚ್ಚಾಯಿತೇ? ಅದನ್ನೂ ಹೇಳಿ. ಉಬ್ಬಸ ಇರುವವರು, ಮಕ್ಕಳು ಆ ಕೋಣೆಗೆ ಹೋಗುವುದೇ ಬೇಡ. ಹೋಗುವವರು ಕಾಲು ಗಂಟೆ ಮೊದಲೇ ಫ್ಯಾನು ಹಾಕಲಿ, ಎನ್-95 ಮಾಸ್ಕ್ ಕಟ್ಟಲಿ. ಸೆರಗು, ಬೈರಾಸು ಸಾಲದು. ಅಂಚು ಮೇಲಕ್ಕೆ ಮಗುಚುವ ಮೊದಲೇ ಅಣಬೆ ಕೊಯ್ದರೆ ಹುಡಿ ಉದುರುವುದು ಬಹಳ ಕಮ್ಮಿ, ಪೇಟೆಯಲ್ಲಿ ಬಾಳಿಕೆಯೂ ಹೆಚ್ಚು. ನಾಳೆಗೆ ಇನ್ನಷ್ಟು ತೂಕ ಬರಲಿ ಎಂದು ಕಾಯುವ ಆಸೆ ಎದೆಗೆ ದುಬಾರಿ. ಕಾಯಿಲೆ ಇದೇ ಎಂದು ವೈದ್ಯರು ಹೇಳಿದ ಮೇಲೆ ಮಾತ್ರ, ಸಾಲ ಎಷ್ಟೇ ಇರಲಿ, ಆ ವ್ಯಕ್ತಿ ಅಣಬೆ ಕೋಣೆಯ ಹೊಸ್ತಿಲು ದಾಟಬಾರದು. ಗಂಡಸರು ಆ ಕೆಲಸ ವಹಿಸಿಕೊಳ್ಳಬಹುದು. ಕೊಯ್ದ ಹಣ ಎಣಿಸುವಾಗ ಹೇಗೂ ಬಂದೇ ಬರುತ್ತಾರೆ.

ಸಾಲ ಮಾಡಿ ಐವತ್ತು ಚೀಲವನ್ನು ನೂರು ಮಾಡುವವರು ಆ ಹಣದಲ್ಲಿ ಮೊದಲು ಕಿಂಡಿ, ಬಲೆ, ಫ್ಯಾನು ಹಾಕಿಸಲಿ. ಸೊಸಾಯಿಟಿಯವರೂ, ಸ್ವಸಹಾಯ ಸಂಘಗಳ ಮುಖಂಡರೂ ಸಾಲ ಕೊಡುವಾಗ ಕೋಣೆಯನ್ನು ಒಮ್ಮೆ ಹೋಗಿ ನೋಡಿದರೆ ಒಳ್ಳೆಯದು.

ಕೊನೆಗೆ ಹಳೆಯ ಚೀಲಗಳ ವಿಚಾರ. ಎರಡು ಮೂರು ಕೊಯ್ಲು ಮುಗಿದ ಹುಲ್ಲನ್ನು ಬೇಲಿಯಾಚೆ ರಾಶಿ ಹಾಕಿದರೆ ನೆರೆಮನೆಯವರಿಗೆ ನಾತ, ನೊಣ, ಆಮೇಲೆ ಪಂಚಾಯತಿಗೆ ದೂರು. ಪ್ಲಾಸ್ಟಿಕ್ ಬಿಡಿಸಿ, ಹುಲ್ಲನ್ನು ಗುಂಡಿಗೆ ಹಾಕಿ, ಪ್ರತಿ ಪದರಕ್ಕೆ ಸ್ವಲ್ಪ ಸೆಗಣಿ ನೀರು ಚಿಮುಕಿಸಿ, ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿದರೆ ವಾಸನೆ ಬರುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಅದು ಅಡಿಕೆ ಬುಡಕ್ಕೆ ಹಾಕುವ ಗೊಬ್ಬರವಾಗುತ್ತದೆ. ಗುಂಡಿ ಬಾವಿಯಿಂದ ದೂರ ಇರಲಿ.