ತೀರ್ಪು ಬಂದಿದೆ, ಪಾಲು ಬಂದಿಲ್ಲ

ನಾನು ಪೌರನೀತಿ ಹೇಳಿಕೊಡುತ್ತಿದ್ದ ಕಾಲದಲ್ಲಿ ಸುಪ್ರೀಂ ಕೋರ್ಟು ಎಂಬುದು ನಿಮಗೆಲ್ಲ ಎರಡು ಅಂಕದ ಪ್ರಶ್ನೆಯಾಗಿತ್ತು. ದೆಹಲಿಯ ತೀರ್ಪಿಗೂ ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೂ ಏನು ಸಂಬಂಧವೆಂದು ಕೇಳಿದವರು ಕಡಿಮೆ. ಈಗ ನಿಮಗೆ ಹೊಲವಿದೆ, ಮಕ್ಕಳಿದ್ದಾರೆ, ಅಕ್ಕತಂಗಿಯರಿದ್ದಾರೆ. ಆದ್ದರಿಂದ ಪಾಠವನ್ನು ಕೊಂಚ ಮುಂದುವರಿಸುತ್ತೇನೆ.

ಕೆಲವು ತೀರ್ಪುಗಳು ನಮ್ಮವರೆಗೆ ಬಂದು ಮುಟ್ಟಿವೆ. ಆಲಮಟ್ಟಿಯ ಎತ್ತರದ ಬಗ್ಗೆ ಆಂಧ್ರದೊಡನೆ ನಡೆದ ವ್ಯಾಜ್ಯದಲ್ಲಿ 2000ದ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ನೀರು ನಿಲ್ಲಿಸಲು ದಾರಿ ಮಾಡಿಕೊಟ್ಟಿತು. ನಾರಾಯಣಪುರದ ಎಡದಂಡೆ ಕಾಲುವೆಯನ್ನು ನಂಬಿದ ಸುರಪುರ, ಶಹಾಪುರದ ರೈತರಿಗೆ ಅದರ ಬೆಲೆ ಗೊತ್ತು. 1992ರ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದು ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಶುಲ್ಕದಿಂದ. ಶಿಕ್ಷಣವು ಮೂಲಭೂತ ಹಕ್ಕೆಂಬ ಮಾತು ಅಲ್ಲಿಂದ ಮೊದಲಾಗಿ 2002ರ ಸಂವಿಧಾನ ತಿದ್ದುಪಡಿಯಲ್ಲಿ ನೆಲೆಗೊಂಡಿತು.

ಆದರೆ ಒಂದು ತೀರ್ಪು ಹೊಸ್ತಿಲಲ್ಲೇ ನಿಂತಿದೆ. ಅದು ಹೆಣ್ಣುಮಕ್ಕಳ ಆಸ್ತಿಹಕ್ಕಿನದು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ಕೊಡಲು ಕರ್ನಾಟಕವು 1994ರಲ್ಲೇ ಕಾನೂನು ಮಾಡಿತ್ತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆಗ ಬೇರೊಂದು ತಕರಾರು ಎದ್ದಿತು: ಆ ದಿನ ತಂದೆ ಬದುಕಿರಬೇಕೆ? ಬದುಕಿರಲೇಬೇಕೆಂದು 2015ರಲ್ಲಿ ನ್ಯಾಯಾಲಯ ಹೇಳಿತು. 2018ರ ದಾನಮ್ಮ ಪ್ರಕರಣದಲ್ಲಿ (ಮೊಕದ್ದಮೆಯ ಹೆಸರಿನಲ್ಲಿಯೇ 'ಸುರಪುರ' ಎಂಬ ಅಡ್ಡಹೆಸರಿರುವುದು ನಮಗೊಂದು ಕೌತುಕ) 2001ರಲ್ಲೇ ತೀರಿಕೊಂಡಿದ್ದ ತಂದೆಯ ಹೆಣ್ಣುಮಕ್ಕಳಿಗೂ ಪಾಲು ದೊರೆಯಿತು. ಈ ಗೊಂದಲವನ್ನು ಬಗೆಹರಿಸಿದ್ದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಇದ್ದರೂ ಇಲ್ಲದಿದ್ದರೂ ಮಗಳು ಪಾಲುದಾರಳೇ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಅಥವಾ ನ್ಯಾಯಾಲಯದಲ್ಲಿ ತೀರ್ಮಾನವಾದ ಪಾಲುಗಳನ್ನು ಮಾತ್ರ ಮುಟ್ಟಬಾರದು. ಬರಿಯ ಬಾಯಿಮಾತಿನ ಪಾಲು ಸಾಮಾನ್ಯವಾಗಿ ನಿಲ್ಲದು.

ಇಷ್ಟು ಸ್ಪಷ್ಟವಾದ ತೀರ್ಪು ನಮ್ಮ ಊರುಗಳಲ್ಲಿ ಸೋಲುವುದು ಕೋರ್ಟಿನಲ್ಲಲ್ಲ, ಉಪನೋಂದಣಾಧಿಕಾರಿ ಕಚೇರಿಯ ಜಗುಲಿಯಲ್ಲಿ. ಪಂಚಮಿಗೆಂದು ತವರಿಗೆ ಬಂದವಳಿಗೆ ಉಡಿ ತುಂಬಿ, ಸೀರೆ ಕೊಟ್ಟು, ಮರುದಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುತ್ತಾರೆ. ಒಣಬೇಸಾಯವಿದ್ದಾಗ ಯಾರೂ ಕೇಳದಿದ್ದ ಹೊಲಕ್ಕೆ ಕಾಲುವೆಯ ನೀರು ಬಂದ ಮೇಲೆ ಈ ಅವಸರ ಹೆಚ್ಚಾಗಿದೆ. ನೀರಿಗಾಗಿ ಸರಕಾರವೇ ವಕೀಲರನ್ನಿಟ್ಟು ಹೋರಾಡಿತು. ಮಗಳ ಪಾಲಿಗಾಗಿ ಹೋರಾಡಬೇಕಾದವಳು ಅಣ್ಣನ ಎದುರಿಗೇ ನಿಲ್ಲಬೇಕು. ನಿಂತರೆ ತವರಿನ ಬಾಗಿಲು ಮುಚ್ಚುವ ಭಯ. ಅವಳು ಸಹಿ ಮಾಡುವುದು ಆ ಭಯಕ್ಕೆ. ಅದನ್ನು ಪ್ರೀತಿಯಿಂದ ಬಿಟ್ಟುಕೊಟ್ಟಳೆಂದು ನಾವು ಊರಿಗೆಲ್ಲ ಹೇಳುತ್ತೇವೆ.

"ಮದುವೆಗೆ ಖರ್ಚು ಮಾಡಿಲ್ಲವೇ ಸರ್?" ಎಂದು ನಿಮ್ಮಲ್ಲೊಬ್ಬರು ಕೇಳುವಿರೆಂದು ಬಲ್ಲೆ. ನಿಮ್ಮ ಮದುವೆಗೂ ಅಪ್ಪ ಖರ್ಚು ಮಾಡಿದ್ದರಲ್ಲ, ಅದನ್ನು ನಿಮ್ಮ ಪಾಲಿನಲ್ಲಿ ಕಳೆದರೇ? ವರದಕ್ಷಿಣೆಯಂತೂ 1961ರಿಂದಲೇ ಅಪರಾಧ. ಅಪರಾಧದ ಲೆಕ್ಕವನ್ನು ಪಾಲಿನ ಲೆಕ್ಕಕ್ಕೆ ಜಮಾ ಮಾಡುವುದು ಯಾವ ಗಣಿತ? ಇದು ಹಿಂದೂ ಅವಿಭಕ್ತ ಕುಟುಂಬಗಳ ಮಾತು. ಮುಸ್ಲಿಂ ಹೆಣ್ಣುಮಕ್ಕಳಿಗೆ ಷರಿಯತ್ತಿನಲ್ಲಿಯೇ ನಿಗದಿಯಾದ ಪಾಲುಂಟು, ಅದನ್ನೂ ಬಿಡಿಸಿಕೊಳ್ಳುವವರಿದ್ದಾರೆ.

ನನ್ನ ವಿದ್ಯಾರ್ಥಿನಿಯರಿಗೆ ಒಂದು ಮಾತು. "ನನಗೆ ಬೇಡ" ಎಂದು ಬಾಯಲ್ಲಿ ಅಂದರೆ ಹಕ್ಕು ಹೋಗುವುದಿಲ್ಲ. ನೋಂದಾಯಿತ ಪತ್ರಕ್ಕೆ ಸಹಿ ಹಾಕಿದರೆ ಹೋಗುತ್ತದೆ. ಪತ್ರವನ್ನು ಒಂದು ದಿನ ಮನೆಗೆ ಒಯ್ದು ಓದಿರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಹೋಗುವಾಗ ಹೊಲದ ಪಹಣಿಯ ಪ್ರತಿ ಜೊತೆಗಿರಲಿ.