ಮಂಜು ಹಾರಿದರೆ ಔಷಧಿ ಬಿದ್ದ ಹಾಗಲ್ಲ

ಔಷಧಿ ಮಂಜಿನಂಗೆ ಹಾರಬೇಕು, ಆಗಲೇ ಸ್ಪ್ರೇಯರ್ ಚೆನ್ನಾಗಿದೆ ಅನ್ನೋ ಮಾತು ನಮ್ಮ ಕಡೆ ಇದೆ. ಆದರೆ ಆ ಮಂಜು ಹೋಗಿ ಸೇರೋದು ಎಲ್ಲಿಗೆ?

ಗಾಳಿ ಊದುವ ಸ್ಪ್ರೇಯರಿನಲ್ಲಿ ಔಷಧಿಯ ಧಾರೆಯನ್ನು ಒಡೆಯುವುದು ಗಾಳಿಯೇ. ಧಾರೆ ಮೊದಲು ಬಾಗುತ್ತದೆ, ಚಪ್ಪಟೆಯಾಗುತ್ತದೆ, ಆಮೇಲೆ ಚೀಲದ ಹಾಗೆ ಉಬ್ಬಿ ಒಡೆಯುತ್ತದೆ. ತೆಳು ಪೊರೆ ಸಣ್ಣ ಹನಿಗಳಾದರೆ ಅಂಚು ದಪ್ಪ ಹನಿಗಳಾಗುತ್ತದೆ. ಗಾಳಿ ಇನ್ನೂ ಜೋರಾದರೆ ಧಾರೆಯ ಮೈಯಿಂದಲೇ ಎಳೆಎಳೆಯಾಗಿ ಕಿತ್ತು ಬರುತ್ತದೆ. ಇದು ಬರಿಗಣ್ಣಿಗೆ ಕಾಣೋದಲ್ಲ. ಹಿಂದಿನಿಂದ ಬೆಳಕು ಬಿಟ್ಟು, ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಹನಿಗಳ ನೆರಳು ಹಿಡಿಯುತ್ತಾರೆ. ಯಶವಂತಪುರದ ಹತ್ತಿರವಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನ್ನಿನ ಇಂಧನ ಸಿಂಪಡಣೆ ಬಗ್ಗೆ ಇಂಥ ಕೆಲಸ ನಡೆದಿದೆ.

ನಮಗೇಕೆ ಇದು? ಲೆಕ್ಕ ಹಾಕಿ. ಹನಿಯ ಅಡ್ಡಳತೆ ಅರ್ಧ ಆದರೆ ಅಷ್ಟೇ ನೀರಿಗೆ 8 ಹನಿ. ಎಲೆಗೆ ಚೆನ್ನಾಗಿ ಮೆತ್ತುತ್ತೆ, ನಿಜ. ಆದರೆ ಗಂಟೆಗೆ 5 ಕಿ.ಮೀ. ತಂಗಾಳಿಯಲ್ಲಿ, 10 ಅಡಿ ಎತ್ತರದಿಂದ ಬೀಳುವ 400 ಮೈಕ್ರಾನ್ ಹನಿ ಸುಮಾರು 2 ಸೆಕೆಂಡಿನಲ್ಲಿ ನೆಲ ಸೇರುತ್ತದೆ, ಸರಿಯುವುದು 9 ಅಡಿ. 100 ಮೈಕ್ರಾನಿನದು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ್ದು, 11 ಸೆಕೆಂಡು ತೇಲಿ ಸುಮಾರು 50 ಅಡಿ ಆಚೆ ಬೀಳುತ್ತದೆ.

ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂತು. ಕೆಂಪೇಗೌಡ ಬಡಾವಣೆಯ ಸೈಟುಗಳು ಹೊಲದ ಬದುವಿಗೇ ಬಂದಿವೆ. ಇಲ್ಲಿ 50 ಅಡಿ ಅಂದ್ರೆ ಪಕ್ಕದ ಮನೆಯ ಬಟ್ಟೆ ಒಣಹಾಕುವ ಹಗ್ಗ. ಹಾರಿಹೋದದ್ದು ನಾವು ದುಡ್ಡು ಕೊಟ್ಟು ತಂದ ಔಷಧಿ. ಅದನ್ನು ಮೊದಲು ಉಸಿರಾಡೋದು ಪಂಪು ಹೊತ್ತವನು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ: ಎಂಜಿನ್ ನೋಡುವ ಕ್ಯಾಮೆರಾ ನಮ್ಮ ಸ್ಪ್ರೇಯರಿನ ಕಡೆಗೂ ತಿರುಗಲಿ. ಜಿಕೆವಿಕೆಯವರೂ ವಿಜ್ಞಾನ ಸಂಸ್ಥೆಯವರೂ ಕೂಡಿ, ಯಾವ ನಾಜಲ್, ಎಷ್ಟು ಥ್ರಾಟಲ್‌ಗೆ ಎಂಥ ಹನಿ ಬರುತ್ತೆ ಅಂತ ಕನ್ನಡದಲ್ಲಿ ಒಂದು ಚೀಟಿ ಮಾಡಲಿ. ಸಹಾಯಧನದಲ್ಲಿ ಕೊಡುವ ಪ್ರತಿ ಸ್ಪ್ರೇಯರಿಗೂ ಆ ಚೀಟಿ ಅಂಟಿರಲಿ.

ಅಲ್ಲಿಯವರೆಗೆ ನಾವೂ ಸುಮ್ಮನಿರಬೇಕಿಲ್ಲ. ಟ್ಯಾಂಕು ಚೆನ್ನಾಗಿ ತೊಳೆದು ಬರೀ ನೀರು ತುಂಬಿ. ಸಂಜೆ ಸೂರ್ಯ ಮರದ ಮರೆಗಿದ್ದಾಗ, ಆ ಬೆಳಕಿನ ಕಡೆ ಮುಖಮಾಡಿ ಹೊಡೆದು ನೋಡಿ. ತೇಲಿಹೋಗುವ ಹನಿಗಳು ಹೊಳೆಯುತ್ತವೆ. ಥ್ರಾಟಲ್ ಇಳಿಸಿ ಮತ್ತೆ ನೋಡಿ. ತೇಲೋದು ಕಡಿಮೆ ಆಗಿ ಎಲೆಯೂ ಒದ್ದೆಯಾದರೆ ಅಷ್ಟಕ್ಕೇ ನಿಲ್ಲಿಸಿ. ಗಾಳಿ ಮನೆಗಳ ಕಡೆ ಬೀಸುವ ದಿನ ಪಂಪು ಹೊರಬೇಡಿ.