ಉಪಭೋಗವನ್ನು ಭೋಗವಾಗಿಸಿದ ಶ್ರಾವಕರು

ಶ್ರಾವಕನ ಗುಣವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಎರಡು ಪದಗಳ ಭೇದವನ್ನು ಸ್ಪಷ್ಟಪಡಿಸಿದ್ದಾರೆ. ಒಮ್ಮೆ ಬಳಸಿದೊಡನೆ ಮುಗಿಯುವ ಆಹಾರದಂಥವು ಭೋಗ. ಪುನಃ ಪುನಃ ಬಳಕೆಗೆ ಬರುವ ವಸ್ತ್ರದಂಥವು ಉಪಭೋಗ. ಊಟದ ತಟ್ಟೆ, ನೀರಿನ ಲೋಟ, ಸಾಮಾನು ತರುವ ಚೀಲ ಇವೆಲ್ಲ ಎರಡನೆಯ ವರ್ಗಕ್ಕೆ ಸೇರಿದ್ದವು. ಇಂದು ಜೈನ ಸಮಾಜ ಇವುಗಳನ್ನು ಮೊದಲನೆಯ ವರ್ಗಕ್ಕೆ ತಳ್ಳಿದೆ. ಅನ್ನದ ಜೊತೆಗೆ ತಟ್ಟೆಯೂ ಒಂದೇ ಹೊತ್ತಿಗೆ ಮುಗಿಯುತ್ತದೆ. ಇದನ್ನು ಅನುಕೂಲವೆಂದು ಕರೆಯುವವರು ಇದು ವ್ರತಭಂಗವೂ ಹೌದೆಂಬುದನ್ನು ಮರೆತಿದ್ದಾರೆ.

ಲೆಕ್ಕ ಸರಳವಾಗಿದೆ. ಒಂದು ಬಸದಿಯ ವಾರ್ಷಿಕೋತ್ಸವದಲ್ಲಿ 500 ಜನ ಊಟ ಮಾಡಿದರೆನ್ನೋಣ. ಒಬ್ಬೊಬ್ಬರಿಗೆ ಒಂದು ತಟ್ಟೆ, ಒಂದು ದೊನ್ನೆ, ಒಂದು ಲೋಟ, ಒಂದು ನೀರಿನ ಬಾಟಲಿ. ಒಂದು ಹೊತ್ತಿಗೆ 2,000 ವಸ್ತುಗಳು. ವರ್ಷಕ್ಕೆ ಇಂಥ ಹನ್ನೆರಡು ಸಮಾರಂಭಗಳಾದರೆ 24,000. ಟ್ರಸ್ಟಿನ ಜಮಾಖರ್ಚಿನಲ್ಲಿ ಇವುಗಳನ್ನು ಕೊಂಡ ಹಣ ಕಾಣುತ್ತದೆ. ಇವು ಎಲ್ಲಿಗೆ ಹೋದವೆಂಬುದು ಯಾವ ಪುಟದಲ್ಲಿಯೂ ಕಾಣುವುದಿಲ್ಲ.

ಎಲ್ಲಿಗೆ ಹೋಗುತ್ತವೆಂಬುದು ರಹಸ್ಯವಲ್ಲ. ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಜನ ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ಕಸ ಮಾತ್ರ ನಿಲ್ಲಲಿಲ್ಲ. ಬೇರೆ ಹಳ್ಳಿಗಳ ಪಾಲಾಯಿತು. ಪ್ಲಾಸ್ಟಿಕ್ ತಟ್ಟೆ, ಲೋಟ, ಕೈಚೀಲಗಳನ್ನು ಕರ್ನಾಟಕ ಸರಕಾರ 2016ರ ಮಾರ್ಚಿನಲ್ಲಿ ನಿಷೇಧಿಸಿತು. ಸಮಾರಂಭಗಳು ಕೂಡಲೇ ಕಾಗದದ ಲೋಟಕ್ಕೆ ತಿರುಗಿದವು. ಆ ಲೋಟಗಳ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಪದರವಿರುತ್ತದೆ. ಕಾನೂನಿನ ಕಣ್ಣು ತಪ್ಪಿಸಬಹುದು. ಕರ್ಮಬಂಧಕ್ಕೆ ಅಂಥ ಕಣ್ಣುಮುಚ್ಚಾಲೆಯಿಲ್ಲ.

ಬಿಸಾಡುವುದನ್ನೂ ಧರ್ಮದ ವಿಷಯವೆಂದು ಎಣಿಸಿದ ಮತ ಜೈನಮತ. ಮುನಿಗಳ ಐದು ಸಮಿತಿಗಳಲ್ಲಿ ಉತ್ಸರ್ಗ ಸಮಿತಿಯೂ ಒಂದು. ತ್ಯಜಿಸುವ ಮಲವನ್ನು ಸಹ ಜೀವಜಂತುಗಳಿಲ್ಲದ ನೆಲವನ್ನು ನೋಡಿ ತ್ಯಜಿಸಬೇಕೆಂಬುದು ಅದರ ವಿಧಿ. ಗೃಹಸ್ಥರ ಮನೆಗಳಲ್ಲಿಯೂ ಈ ಎಚ್ಚರವಿತ್ತು. ಬಾವಿಯ ನೀರನ್ನು ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಯ ನೀರಿಗೆ ಮರಳಿಸುತ್ತಿದ್ದರು. ಅಂಥ ಮನೆತನಗಳ ಮಕ್ಕಳು ಇಂದು ಅನ್ನ, ಸಿಪ್ಪೆ, ಒಡೆದ ಗಾಜು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬೀದಿಯಂಚಿಗೆ ಎಸೆಯುತ್ತಾರೆ. ಎಂಜಲಿನಲ್ಲಿ ಹುಟ್ಟಿದ ಅಸಂಖ್ಯ ಜೀವಿಗಳು ಆ ಗಂಟಿನೊಳಗೇ ಸಾಯುತ್ತವೆ. ವಾಸನೆಗೆ ಬಂದ ಹಸು ಚೀಲವನ್ನೂ ನುಂಗುತ್ತದೆ. ಗಾಜು ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಉಳಿದದ್ದಕ್ಕೆ ಯಾರೋ ಬೆಂಕಿ ಹಚ್ಚುತ್ತಾರೆ. ಗೋಶಾಲೆಗೆ ಚಂದಾ ಕೊಟ್ಟವರೇ ಬೀದಿಯ ಹಸುವಿಗೆ ಪ್ಲಾಸ್ಟಿಕ್ ಉಣಿಸುವುದು ಯಾವ ಬಗೆಯ ಅಭಯದಾನ?

ಇದಕ್ಕೆ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಪಾತ್ರೆ ತೊಳೆಯುವುದರಲ್ಲಿ ಜಲಕಾಯಿಕ ಜೀವಿಗಳ ಹಿಂಸೆಯಿದೆ ಎಂಬುದು ಮೊದಲನೆಯದು. ಹೌದು, ಇದೆ. ಆದರೆ ಎಸೆಯುವ ತಟ್ಟೆಯೇನು ಆಕಾಶದಿಂದ ಉದುರಿತೆ? ಅದನ್ನು ತಯಾರಿಸಲು ನೀರು, ಬೆಂಕಿ, ಮರ ಅಥವಾ ಎಣ್ಣೆ ಬೇಕಾಯಿತು. ಆ ಹಿಂಸೆ ಕಾರ್ಖಾನೆಯಲ್ಲಿ ನಡೆದುದರಿಂದ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಹಿಂಸೆಯೇ ಎಂದು ಒಪ್ಪಿದವರು ಇಲ್ಲಿ ಮಾತ್ರ ಮಾಡಿದ್ದನ್ನಷ್ಟೇ ಎಣಿಸುವುದು ನ್ಯಾಯವಲ್ಲ.

ಗೊಬ್ಬರದ ಗುಂಡಿಯಲ್ಲಿ ಹುಳು ಹುಟ್ಟುತ್ತದೆ, ಆದ್ದರಿಂದ ಅದು ವರ್ಜ್ಯ ಎಂಬುದು ಎರಡನೆಯದು. ಬಿಗಿದ ಚೀಲದಲ್ಲಿಯೂ ಹುಳು ಹುಟ್ಟುತ್ತದೆ. ಅಲ್ಲಿ ಅದಕ್ಕೆ ಬದುಕುವ ದಾರಿಯಿಲ್ಲ. ಒಣ ಎಲೆ ಹೊದಿಸಿದ, ಗಾಳಿಯಾಡುವ ಗುಂಡಿಯಲ್ಲಿ ಅದಕ್ಕೆ ಮಣ್ಣಿನ ಆಸರೆಯಿದೆ. ಜೀವೋತ್ಪತ್ತಿಗೆ ನಿಜವಾಗಿ ಅಂಜುವವರು ಅಳತೆಗೆ ಮೀರಿ ಅಡುಗೆ ಮಾಡುವುದನ್ನು ಮೊದಲು ಬಿಡಬೇಕು. ಉಳಿಯದ ಅನ್ನ ಕೊಳೆಯುವುದಿಲ್ಲ.

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಉಣ್ಣುವವರನ್ನು ಎಣಿಸಿ ಅಕ್ಕಿ ಅಳೆಯುವುದು, ಅಂಗಡಿಗೆ ಬಟ್ಟೆಯ ಚೀಲ ಒಯ್ಯುವುದು, ಹಸಿ ಕಸ, ಒಣ ಕಸಗಳನ್ನು ಬೇರೆಯಿಡುವುದು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಕೊಡುವುದು, ಪ್ರಯಾಣಕ್ಕೆ ಮನೆಯ ನೀರನ್ನೇ ಸೋಸಿ ಒಯ್ಯುವುದು. ಮೂಲದಲ್ಲಿಯೇ ಕಸ ಬೇರ್ಪಡಿಸುವುದನ್ನು ಕೇಂದ್ರ ಸರಕಾರದ 2016ರ ನಿಯಮಗಳು ಕರ್ತವ್ಯವಾಗಿಸಿದವು. ಅನರ್ಥದಂಡ ವಿರತಿಯನ್ನು ಬಲ್ಲ ಸಮಾಜಕ್ಕೆ ಅದನ್ನು ಸರಕಾರ ಹೇಳಿಕೊಡಬೇಕಾಗಿ ಬಂದದ್ದೇ ಖೇದದ ಸಂಗತಿ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಪ್ರಮಾದಚರ್ಯೆಯೆಂದು ಶ್ರಾವಕಾಚಾರ ಎಂದೋ ಎಣಿಸಿದೆ.

ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು. ಬಸದಿಗಳಲ್ಲಿ ಶಾಸ್ತ್ರಭಂಡಾರಗಳಿರುವಂತೆ ಪಾತ್ರೆಭಂಡಾರಗಳೂ ಇರಲಿ. ಗೋಡೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಬರುವ ದಾನಿಗಳಿಗೆ ನೂರು ಸ್ಟೀಲ್ ತಟ್ಟೆಗಳ ಮೇಲೆ ಕೆತ್ತಿಸುವಂತೆ ಹೇಳಲಿ. ತೊಳೆಯಲು ಜನ ಸಾಲದ ಕಡೆ ಬಾಳೆಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳು ಬರಲಿ. ಅಭಿಷೇಕದ ಹಾಲನ್ನು ಪೊಟ್ಟಣದಲ್ಲಿ ತರದೆ ಕ್ಯಾನಿನಲ್ಲಿ ತರಿಸಲಿ. ಹೂವಿನ ನಿರ್ಮಾಲ್ಯ ಚೀಲಸಮೇತ ಹೊಳೆಗೆ ಬೀಳದೆ ಬಸದಿಯ ಅಂಗಳದ ಮರಗಳ ಬುಡಕ್ಕೆ ಸೇರಲಿ.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ಮೇಲೆ ಪ್ರತಿವರ್ಷ ಪ್ರವಚನಗಳಾಗುತ್ತವೆ. ಪ್ರವಚನ ಮುಗಿದ ಗಳಿಗೆಯಲ್ಲಿ ಅದೇ ಸಭಾಮಂಟಪದ ಹಿಂದೆ ತಟ್ಟೆ, ಬಾಟಲಿಗಳ ರಾಶಿ ಬೀಳುತ್ತದೆ. ಮುಂದಿನ ಪರ್ವಕ್ಕೆ ಮುನ್ನ ಪ್ರತಿಯೊಂದು ಟ್ರಸ್ಟೂ ಸಭೆ ಸೇರಿ, ಬಸದಿಯ ಆವರಣದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್, ಕಾಗದದ ಪಾತ್ರೆಗಳು ಕೂಡದೆಂದು ಠರಾವು ಮಾಡಲಿ. ಶ್ರಾವಕ ಶ್ರಾವಿಕೆಯರು ಮನೆಯಲ್ಲಿಯೂ ಅದೇ ನಿಯಮವನ್ನು ಹತ್ತು ದಿನಗಳ ಮಟ್ಟಿಗೆ ಸ್ವೀಕರಿಸಲಿ. ಹತ್ತು ದಿನ ಪಾಲಿಸಿದವರಿಗೆ ಹನ್ನೊಂದನೆಯ ದಿನ ಅದು ಭಾರವೆನಿಸದು.